ದೇಹದ ಹೊರಗೊಂದು ಶ್ವಾಸಕೋಶ

ಉಸಿರು ಎಂಬ ಮಾತನ್ನು ನಾವು ಪ್ರಾಣಕ್ಕೆ ಪರ್ಯಾಯವಾಗಿಯೇ ಬಳಸುತ್ತೇವೆ. ಉಸಿರು ನಿಂತಿತೆಂದರೆ ಎಲ್ಲವೂ ಮುಗಿಯಿತೆಂದೇ ಅರ್ಥ. ಆದರೆ ಶ್ವಾಸಕೋಶಗಳು ಸೋತ ಮೇಲೂ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ, ರೋಗಿಯನ್ನು ಉಳಿಸಿಕೊಳ್ಳಬಲ್ಲ ಉಪಾಯವೊಂದು ಇಂದು ವೈದ್ಯರ ಕೈಯಲ್ಲಿದೆ. ಎಕ್ಮೋ ಎಂಬುದು ಅದರ ಹೆಸರು. ಅದರ ಮೂಲತತ್ತ್ವವನ್ನು ಸ್ಥೂಲವಾಗಿ ತಿಳಿಸಲು ಬಯಸುತ್ತೇನೆ.

ತತ್ತ್ವ ಸರಳವಾದುದು. ದೊಡ್ಡ ಅಭಿಧಮನಿಯೊಂದಕ್ಕೆ ನಳಿಕೆ ತೂರಿಸಿ, ಆಮ್ಲಜನಕ ತೀರಿದ ರಕ್ತವನ್ನು ಪಂಪಿನಿಂದ ಹೊರಗೆಳೆಯುತ್ತಾರೆ. ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 4-5 ಲೀಟರು. ಅದು ಕೃತಕ ಶ್ವಾಸಕೋಶದ ಮೂಲಕ ಹರಿಯುತ್ತದೆ. ಅಲ್ಲಿರುವುದು ಸಾವಿರಾರು ಟೊಳ್ಳು ಎಳೆಗಳು. ಎಳೆಯ ಒಳಗೆ ಆಮ್ಲಜನಕ, ಹೊರಗೆ ರಕ್ತ. ನಡುವಣ ತೆಳುಪೊರೆಯನ್ನು ದಾಟಿ ಆಮ್ಲಜನಕವು ರಕ್ತವನ್ನು ಸೇರುತ್ತದೆ, ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಹೃದಯ ಗಟ್ಟಿಯಾಗಿದ್ದರೆ ಶುದ್ಧವಾದ ರಕ್ತವನ್ನು ಅಭಿಧಮನಿಗೇ ಹಿಂದಿರುಗಿಸಿದರೆ ಸಾಕು. ಹೃದಯವೂ ಸೋತಿದ್ದರೆ ಅಪಧಮನಿಗೆ ಒತ್ತಡದಿಂದ ತುಂಬಬೇಕಾಗುತ್ತದೆ.

1953ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್, ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಮೊದಲ ಯಶಸ್ವೀ ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಡೆಸಿದರು. ಆದರೆ ಅಂದಿನ ಯಂತ್ರದಲ್ಲಿ ಆಮ್ಲಜನಕವು ರಕ್ತವನ್ನು ನೇರವಾಗಿ ತಾಗುತ್ತಿತ್ತು. ಕೆಲವೇ ಗಂಟೆಗಳಲ್ಲಿ ರಕ್ತ ಕೆಡುತ್ತಿತ್ತು. ಇವೆರಡರ ನಡುವೆ ಪೊರೆಯನ್ನಿಟ್ಟ ಮೇಲೆ ಗಂಟೆಗಳು ದಿನಗಳಾದವು. 1971ರಲ್ಲಿ ಡೊನಾಲ್ಡ್ ಹಿಲ್ ಅವರು ಅಪಘಾತದಲ್ಲಿ ಗಾಯಗೊಂಡ 24 ವರ್ಷದ ತರುಣನನ್ನು 75 ಗಂಟೆ ಯಂತ್ರದ ಮೇಲಿಟ್ಟು ಬದುಕಿಸಿದರು. 1975ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಬಾರ್ಟ್‌ಲೆಟ್ ನವಜಾತ ಶಿಶುವೊಂದನ್ನು ಉಳಿಸಿದರು. ದಾದಿಯರು ಆ ಕೂಸಿಗೆ ಸ್ಪ್ಯಾನಿಷ್ ನುಡಿಯಲ್ಲಿ ‘ಭರವಸೆ’ ಎಂಬರ್ಥದ ಹೆಸರನ್ನಿಟ್ಟರು.

ಈ ಭರವಸೆಗೆ ಬೆಲೆಯುಂಟು. ಪರವಸ್ತುವನ್ನು ಸೋಕಿದ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಅದನ್ನು ತಡೆಯಲು ಹೆಪಾರಿನ್ ಕೊಟ್ಟರೆ ರಕ್ತಸ್ರಾವದ ಭಯ. ಹೆಪ್ಪು ಕೊಳವೆಯನ್ನು ಕಟ್ಟಬಹುದು, ಸ್ರಾವ ಮಿದುಳನ್ನೇ ಮುಟ್ಟಬಹುದು. ಈ ಎರಡು ಅಪಾಯಗಳ ನಡುವೆ ಹಗಲಿರುಳೂ ಕಾವಲಿರಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಈ ಯಂತ್ರವು ಯಾವ ರೋಗವನ್ನೂ ಗುಣಪಡಿಸದು. ವೆಂಟಿಲೇಟರಿನ ಒತ್ತಡದಿಂದ ಬಳಲಿದ ಶ್ವಾಸಕೋಶಕ್ಕೆ ಅದು ವಿರಾಮವನ್ನೂ, ಚಿಕಿತ್ಸೆಗೆ ಕಾಲಾವಕಾಶವನ್ನೂ ಒದಗಿಸುತ್ತದೆ, ಅಷ್ಟೆ. ಅಂಗ ಚೇತರಿಸಿಕೊಳ್ಳದೆ, ಕಸಿಯೂ ಸಾಧ್ಯವಾಗದೆ ಹೋದರೆ, ಕಣ್ತೆರೆದು ಮಾತನಾಡುವ ರೋಗಿಯ ಯಂತ್ರವನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸುವವರು ಯಾರು? ಈ ಪ್ರಶ್ನೆಗೆ ಯಂತ್ರಶಾಸ್ತ್ರದಲ್ಲಿ ಉತ್ತರವಿಲ್ಲ. ಆದುದರಿಂದ ನಳಿಕೆ ತೂರಿಸುವ ಮುನ್ನವೇ, ಯಾವುದಕ್ಕಾಗಿ ಕಾಯುತ್ತಿದ್ದೇವೆ, ಎಲ್ಲಿಯವರೆಗೆ ಕಾಯಬೇಕು ಎಂಬುದನ್ನು ವೈದ್ಯರು ಬಂಧುಗಳೊಡನೆ ಬಿಚ್ಚಿ ಮಾತನಾಡಬೇಕೆಂದು ನಾನು ನಂಬಿದ್ದೇನೆ.