ಮಣ್ಣಿನ ಬಂಡಿ, ಕೂಸಿನ ಗಾಡಿ



ಇಂದು ದಾಸೋಹತತ್ತ್ವವನ್ನು ಕುರಿತು ಮಾತನಾಡುವುದಾಗಿ ಹೋದ ಸೋಮವಾರ ಹೇಳಿದ್ದೆವು. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ನಡುವೆ ಒಂದು ಪ್ರಸಂಗ ಬಂದಿತು. ಅದು ಕೂಸಿನ ಗಾಡಿಯ ಪ್ರಸಂಗ. ಗಾಡಿಯ ಮಾತಿಗೂ ಮಠದ ಗದ್ದುಗೆಗೂ ಏನು ಸಂಬಂಧವೆಂದು ಹಿಂದೆ ಕುಳಿತ ತರುಣರು ನಗುತ್ತಿರುವುದು ನಮಗೆ ಕಾಣಿಸುತ್ತಿದೆ. ನಗಲಿ, ಚಿಂತೆಯಿಲ್ಲ. ನಮಗೂ ಮೊದಲು ನಗೆಯೇ ಬಂದಿತ್ತು.

ಅಂದು ರಾತ್ರಿ ಪ್ರಸಾದವಾದ ಮೇಲೆ ಒಬ್ಬ ಭಕ್ತರು ಎಲ್ಲರೂ ಹೋಗುವವರೆಗೆ ಕಂಬದ ಮರೆಯಲ್ಲಿ ನಿಂತಿದ್ದು, ಆಮೇಲೆ ಬಂದು ನಮಸ್ಕರಿಸಿದರು. ನಾಲ್ಕು ಎಕರೆ ಹೊಲ. ಅದರಲ್ಲಿ ಗೋವಿನಜೋಳ, ಸೋಯಾ. ಕಷ್ಟಜೀವಿಗಳು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಹೆಸರನ್ನು ಹೇಳುವುದಿಲ್ಲ, ತಾವೂ ಯಾರೆಂದು ಹುಡುಕಬೇಡಿರಿ.

"ಅಜ್ಜಾರ, ಮಗಳಿಗೆ ಚೊಚ್ಚಲ ಹೆರಿಗಿ ಆಗೇತ್ರಿ. ಹೆಣ್ಣುಕೂಸು. ತೊಟ್ಟಿಲಕ್ಕ ಹಾಕೂದು ಬೆಂಗಳೂರಾಗ ಇಟ್ಕೊಂಡಾರ. ತೊಟ್ಟಿಲದ ಬದ್ಲಿ ಗಾಡಿ ಒಯ್ಯಬೇಕು ಅಂತ ಮಾತು ಬಂದೈತ್ರಿ. ಒಯ್ಯಲೋ ಬ್ಯಾಡೋ, ತಾವು ಅಪ್ಪಣೆ ಕೊಡಬೇಕ್ರಿ" ಎಂದರು.

ಗಾಡಿ ಎಂದರೆ ನಾವು ಎತ್ತಿನ ಗಾಡಿಯೆಂದೇ ತಿಳಿದೆವು. "ಬೆಂಗಳೂರಿನಲ್ಲಿ ಎತ್ತು ಎಲ್ಲಿ ಕಟ್ಟುತ್ತಾರಪ್ಪಾ?" ಎಂದು ಕೇಳಿಯೂ ಬಿಟ್ಟೆವು. ಅವರು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ನಾಲ್ಕು ಗಾಲಿ, ಮೇಲೆ ಕೊಡೆಯಂತೆ ಮಡಿಚುವ ಹೊದಿಕೆ, ಒಳಗೆ ಮೆತ್ತನೆಯ ಹಾಸು, ಹಿಂದೆ ತಳ್ಳುವ ಹಿಡಿಕೆ. ಪ್ರ್ಯಾಮ್ ಎನ್ನುತ್ತಾರೆ, ಸ್ಟ್ರಾಲರ್ ಎಂದೂ ಎನ್ನುತ್ತಾರೆ. ಪರದೇಶದ್ದು. ಬೆಲೆ 46,000 ರೂಪಾಯಿ.

'ಬೇಡ' ಎಂಬ ಶಬ್ದ ನಮ್ಮ ನಾಲಿಗೆಯ ತುದಿಗೆ ಬಂದಿತ್ತು. ಸನ್ಯಾಸಿಗಳಿಗೆ ಬೇಡವೆನ್ನುವುದು ಬಹಳ ಸುಲಭ. ನಮಗೆ ಕೂಸಿಲ್ಲ, ಅದನ್ನು ಎತ್ತಿಕೊಂಡು ಸಂತೆಗೆ ಹೋಗುವ ಕೆಲಸವಿಲ್ಲ. ಪೇಟೆಯವರ ಆಡಂಬರವನ್ನು ಬೈದು ಒಂದು ಗಂಟೆ ಪ್ರವಚನ ಮಾಡಿದರೆ ತಾವೆಲ್ಲ ತಲೆದೂಗುತ್ತೀರಿ. ಆದರೂ ಒಂದು ಮಾತು ಕೇಳಿದೆವು: "ದುಡ್ಡು ಎಲ್ಲಿಂದ ತರುತ್ತೀಯಪ್ಪಾ?"

"ಮನಿಯಾಕೀದು ಬೋರಮಾಳ ಐತ್ರಿ. ಸೊಸಾಯಿಟಿಯೊಳಗ ಒತ್ತಿ ಇಟ್ರ ಆಗತೈತ್ರಿ."

"ಅಷ್ಟೊಂದು ಅವಸರವೇನು?"

ಆ ಮನುಷ್ಯ ತಲೆ ತಗ್ಗಿಸಿ ಹೇಳಿದ ಮಾತು ಇದು: "ಹ್ವಾದ ವರ್ಷ ಜಾತ್ರ್ಯಾಗ ತಾವ ಹೇಳಿದ್ರೆಲ್ರಿ ಅಜ್ಜಾರ, ತವರು ಅಂದ್ರ ಹಿಂಗಿರಬೇಕು ಅಂತ."

ಹೌದು, ಹೇಳಿದ್ದೆವು. ತಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಜಾತ್ರೆಯ ದಿನ ಒಬ್ಬ ಅನುಕೂಲಸ್ಥರು ಮೊಮ್ಮಗನಿಗೆಂದು ಕಲಘಟಗಿಯ ತೊಟ್ಟಿಲನ್ನು ಮಾಡಿಸಿ ತಂದಿದ್ದರು. ಕಲಘಟಗಿಯ ತೊಟ್ಟಿಲೆಂದರೆ ಸಾಮಾನ್ಯವೇ? ಸಾಗವಾನಿಯ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣ ಮಹಾಭಾರತದ ಚಿತ್ರಗಳು. ಚಿತ್ರಗಾರರ ಮನೆತನಗಳು ಕೈಯಿಂದ ಬರೆಯುವ ಕೆಲಸ ಅದು. ಮೂರು ತಲೆಮಾರು ತೂಗಿದರೂ ಬಣ್ಣ ಮಾಸುವುದಿಲ್ಲ. ನಾವು ಆ ಕುಶಲಕಲೆಯನ್ನು ಹೊಗಳಿ ಸುಮ್ಮನಾಗಬೇಕಾಗಿತ್ತು. ಮಾತಿನ ಭರದಲ್ಲಿ ತಂದವರನ್ನೂ ಹೊಗಳಿದೆವು. ಧ್ವನಿವರ್ಧಕದಲ್ಲಿ ಆಡಿದ ಆ ಮಾತು ಯಾರ ಯಾರ ಮನೆಯ ಬೋರಮಾಳಕ್ಕೆ ಹೋಗಿ ತಗಲುತ್ತದೆಂಬ ವಿಚಾರ ನಮಗೆ ಅಂದು ಬರಲಿಲ್ಲ.

ಆ ರಾತ್ರಿ ಅವರಿಗೆ ಏನೂ ಹೇಳಲಾಗಲಿಲ್ಲ. "ನಾಲ್ಕು ದಿನ ಬಿಟ್ಟು ಬಾ, ಅಲ್ಲಿಯವರೆಗೆ ಬೋರಮಾಳ ಮನೆಯಲ್ಲಿರಲಿ" ಎಂದು ಕಳುಹಿಸಿದೆವು. ಮಲಗಿದರೆ ನಿದ್ರೆ ಬರಲಿಲ್ಲ. ಪಾಠಶಾಲೆಯಲ್ಲಿ ಓದಿದ ಒಂದು ನಾಟಕ ನೆನಪಾಯಿತು: ಶೂದ್ರಕ ಮಹಾಕವಿಯ ಮೃಚ್ಛಕಟಿಕ. ಮೃತ್ ಎಂದರೆ ಮಣ್ಣು, ಶಕಟಿಕಾ ಎಂದರೆ ಸಣ್ಣ ಬಂಡಿ. ಇಡೀ ನಾಟಕಕ್ಕೆ ಒಂದು ಕೂಸಿನ ಬಂಡಿಯ ಹೆಸರನ್ನಿಟ್ಟಿದ್ದಾನೆ ಕವಿ! ನಮಗೆ ಪಾಠ ಹೇಳಿದ ಪಂಡಿತರು ಆರನೆಯ ಅಂಕದಲ್ಲಿ ಪ್ರಾಕೃತಕ್ಕೆ ಸಂಸ್ಕೃತಛಾಯೆ ಹೇಳಿಸಿ, ವ್ಯಾಕರಣ ಕೇಳಿ, ಮುಂದಕ್ಕೆ ಹೋಗಿದ್ದರು. ನಾವೂ ಪರೀಕ್ಷೆಗೆ ಬೇಕಾದಷ್ಟು ಓದಿ ಬಿಟ್ಟಿದ್ದೆವು.

ಕಥೆ ಹೀಗಿದೆ. ಉಜ್ಜಯಿನಿಯ ಚಾರುದತ್ತ ದಾನ ಮಾಡಿ ಮಾಡಿ ಬಡವನಾದವನು. ಅವನ ಮಗ ರೋಹಸೇನ, ಚಿಕ್ಕ ಬಾಲಕ. ನೆರೆಮನೆಯ ಹುಡುಗನ ಬಂಗಾರದ ಆಟದ ಬಂಡಿಯೊಡನೆ ಆಡಿದ್ದಾನೆ. ಆ ಹುಡುಗ ಅದನ್ನು ಒಯ್ದುಬಿಟ್ಟಿದ್ದಾನೆ. ಮನೆಯ ದಾಸಿ ರದನಿಕೆ ಮಣ್ಣಿನದೊಂದನ್ನು ಮಾಡಿಕೊಟ್ಟರೆ ಬೇಡವೆಂದು ಅಳುತ್ತಾನೆ. ಆ ಮನೆಗೆ ಬಂದಿದ್ದ ವಸಂತಸೇನೆ ಇದನ್ನು ನೋಡುತ್ತಾಳೆ. ಇವಳು ನಿನಗೆ ತಾಯಿಯಾಗಬೇಕೆಂದು ದಾಸಿ ಹೇಳಿದರೆ ಬಾಲಕ ನಂಬುವುದಿಲ್ಲ. ನನ್ನ ತಾಯಿಯಾದರೆ ಮೈಮೇಲೆ ಇಷ್ಟು ಒಡವೆ ಏಕಿದೆ ಎಂದು ಕೇಳುತ್ತಾನೆ. ಬಡವರ ಮನೆಯ ಕೂಸಿಗೆ ತಾಯಿಯ ಗುರುತು ಅದು. ವಸಂತಸೇನೆ ಅಳುತ್ತ ಒಡವೆಗಳನ್ನೆಲ್ಲ ಬಿಚ್ಚಿ, ಇದರಿಂದ ಬಂಗಾರದ ಬಂಡಿ ಮಾಡಿಸಿಕೊಳ್ಳೆಂದು ಮಣ್ಣಿನ ಬಂಡಿಯ ತುಂಬ ಸುರಿಯುತ್ತಾಳೆ.

ಇಲ್ಲಿಯವರೆಗಿನದನ್ನು ಹೇಳಿ ಕಣ್ಣೊರೆಸಿಕೊಳ್ಳುವವರು ಬಹಳ. ಮುಂದಿನದನ್ನೂ ಕೇಳಿರಿ. ಚಾರುದತ್ತ ಆ ಒಡವೆಗಳನ್ನು ಇಟ್ಟುಕೊಳ್ಳಲೊಲ್ಲದೆ, ಹಿಂದಿರುಗಿಸಲೆಂದು ಗೆಳೆಯ ಮೈತ್ರೇಯನ ಕೈಗೆ ಕೊಡುತ್ತಾನೆ. ಅಷ್ಟರಲ್ಲಿ ವಸಂತಸೇನೆಯನ್ನು ಕೊಂದನೆಂಬ ಸುಳ್ಳು ಆರೋಪ ಚಾರುದತ್ತನ ಮೇಲೆ ಬಂದಿದೆ. ನ್ಯಾಯಸ್ಥಾನದಲ್ಲಿ ಜಗಳವಾಗಿ, ಮೈತ್ರೇಯನ ಬಳಿಯಿದ್ದ ಒಡವೆಗಳು ಎಲ್ಲರ ಮುಂದೆ ಕೆಳಗೆ ಬೀಳುತ್ತವೆ. ಅವೇ ಸಾಕ್ಷಿಯಾಗಿ ಚಾರುದತ್ತನಿಗೆ ಮರಣದಂಡನೆ! ಕೊನೆಗೆ ವಸಂತಸೇನೆಯೇ ಬಂದು ಉಳಿಸುತ್ತಾಳೆ, ಅದು ಬೇರೆ. ಕೊಟ್ಟವಳ ಪ್ರೀತಿಯಲ್ಲಿ ಕಲ್ಮಷವಿತ್ತೇ? ಎಳ್ಳಷ್ಟೂ ಇರಲಿಲ್ಲ. ಆದರೂ ಕೂಸಿನ ಬಂಡಿಗೆಂದು ಬಿಚ್ಚಿದ ಒಡವೆ ತಂದೆಯನ್ನು ವಧ್ಯಸ್ಥಾನದವರೆಗೆ ಎಳೆದೊಯ್ದಿತು.

ಮರುದಿನ ಆ ಮಗಳಿಗೆ ನಾವೇ ಫೋನು ಮಾಡಿಸಿದೆವು. "ತಂಗೀ, ಈ ಗಾಡಿ ನಿನಗೆ ಬೇಕೋ, ನಿನ್ನ ಮನೆಯವರಿಗೆ ಬೇಕೋ, ಖರೆ ಹೇಳು" ಎಂದೆವು.

"ಗಾಡಿ ನನಗ ಬೇಕ್ರಿ ಅಜ್ಜಾರ" ಎಂದಳು. ನಮಗೆ ಆಶ್ಚರ್ಯವಾಯಿತು. "ಆಪರೇಶನ್ ಆಗೇತ್ರಿ ನನಗ. ಭಾರ ಎತ್ತಬ್ಯಾಡ ಅಂದಾರ ಡಾಕ್ಟರು. ಅವ್ವ ಮೂರು ತಿಂಗಳಿಗೆ ಊರಿಗೆ ಹೋಗ್ತಾಳ. ಇವರು ಮುಂಜಾನೆ ಹ್ವಾದ್ರ ರಾತ್ರಿನ ಬರೂದು. ಕೂಸಿನ್ನ ಎತ್ಕೊಂಡು ಕಾಯಿಪಲ್ಲೆ ಹೆಂಗ ತರಲಿ? ಆದ್ರ ಅಷ್ಟು ತುಟ್ಟೀದು ಬೇಕಂತ ನಾ ಅಂದಿಲ್ರಿ. ನೆಗೆಣ್ಣಿ ತವರವರು ಅಂಥಾದ್ದ ತಂದಿದ್ರು. ಅದಕ್ಕ ಅತ್ತಿಯವರು ಒಂದ್ ಮಾತು ಅಂದ್ರು."

ಇದನ್ನು ಕೇಳಿದ ಮೇಲೆ, ನಾವು 'ಬೇಡ' ಎಂದುಬಿಟ್ಟಿದ್ದರೆ ಎಂಥ ಅಪಚಾರವಾಗುತ್ತಿತ್ತೆಂದು ತಿಳಿಯಿತು. ಹಳ್ಳಿಯಲ್ಲಿ ಒಂದು ಕೂಸಿಗೆ ಎಂಟು ಕಂಕುಳು. ಅಜ್ಜಿ ಎತ್ತಿಕೊಳ್ಳುತ್ತಾಳೆ, ಚಿಗವ್ವ ಎತ್ತಿಕೊಳ್ಳುತ್ತಾಳೆ, ನೆರೆಮನೆಯ ಹುಡುಗಿ ಕೇಳದೆಯೇ ಎತ್ತಿಕೊಂಡು ಹೋಗುತ್ತಾಳೆ. ಅಲ್ಲಿ ಆ ತಾಯಿಗೆ ಇರುವುದು ತನ್ನ ಕಂಕುಳೊಂದೇ. ಕಾನೂನಿನಂತೆ 26 ವಾರ ರಜೆಯುಂಟು. ಅದು ಮುಗಿದರೆ ಕಚೇರಿಯ ಕಾಯಕವೂ ಅವಳದೇ.

ಸಂಸ್ಕೃತದಲ್ಲಿ 'ವಹ್' ಎಂದು ಒಂದು ಧಾತು. ಹೊರು, ಒಯ್ಯು ಎಂದು ಅದರ ಅರ್ಥ. ವಾಹನವೆಂಬ ಶಬ್ದ ಅದರಿಂದಲೇ ಬಂದಿದೆ, ವಿವಾಹವೆಂಬುದೂ ಅದರಿಂದಲೇ. ಮದುವೆಯಾದವರು ಇಬ್ಬರೂ ಹೊರಬೇಕು. ಗಂಡನಾದವನು ಹಗಲೆಲ್ಲ ಹೊರಗಿದ್ದು ಹೊರಲಾರನಾದರೆ, ಹೊರುವ ಸಾಧನವನ್ನಾದರೂ ತನ್ನ ದುಡಿಮೆಯಿಂದ ತರಬೇಕಾದವನು ಅವನೇ. ಹೆಂಡತಿಯ ತಂದೆ ಏಕೆ ತರಬೇಕು?

ಈ ಗಾಡಿಯ ಪೂರ್ವೋತ್ತರವನ್ನು ನಮ್ಮ ಒಬ್ಬ ಇಂಜಿನಿಯರ್ ಭಕ್ತರು ತಿಳಿಸಿದರು. ಇಂಗ್ಲೆಂಡಿನಲ್ಲಿ 1733ರಲ್ಲಿ ವಿಲಿಯಂ ಕೆಂಟ್ ಎಂಬ ಉದ್ಯಾನಶಿಲ್ಪಿ ಡೆವನ್‌ಶೈರ್‌ನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಸಣ್ಣ ಬಂಡಿಯೊಂದನ್ನು ಮಾಡಿದನಂತೆ. ಎಳೆಯಲು ಆಡು ಅಥವಾ ಸಣ್ಣ ಕುದುರೆ. ಅಂದರೆ ಅದು ಹುಟ್ಟಿದ್ದೇ ಅರಮನೆಯ ಆಟಕ್ಕೆ. ಆಮೇಲೆ 1965ರಲ್ಲಿ ಓವೆನ್ ಮೆಕ್ಲಾರೆನ್ ಎಂಬ ವಿಮಾನದ ಇಂಜಿನಿಯರ್, ಮೊಮ್ಮಗುವನ್ನು ಕರೆತಂದ ತನ್ನ ಮಗಳು ಭಾರದ ಗಾಡಿಯೊಡನೆ ಪಡುವ ಕಷ್ಟವನ್ನು ನೋಡಿ, ಕೊಡೆಯಂತೆ ಮಡಿಚುವ ಹಗುರಾದ ಅಲ್ಯೂಮಿನಿಯಂ ಗಾಡಿಯನ್ನು ರೂಪಿಸಿದನು. ಮೂರು ಕಿಲೋ ಕೂಡ ತೂಗುತ್ತಿರಲಿಲ್ಲವಂತೆ. ಆ ಅಜ್ಜನ ವಿಷಯ ಕೇಳಿ ನಮಗೆ ಸಂತೋಷವಾಯಿತು. ಮಗಳ ಭಾರವನ್ನು ನೋಡಿ ಮಾಡಿದ ವಸ್ತು ಅದು, ಬೀಗರ ಕಣ್ಣನ್ನು ನೋಡಿ ಮಾಡಿದ್ದಲ್ಲ.

ಮಕ್ಕಳ ವೈದ್ಯರಾದ ಇನ್ನೊಬ್ಬ ಭಕ್ತರನ್ನೂ ವಿಚಾರಿಸಿದೆವು. ಕೊಳ್ಳುವವರು ಇಲ್ಲಿ ಇದ್ದರೆ ಕೇಳಿಕೊಳ್ಳಿರಿ. ಎಳೆಗೂಸಿಗೆ ಕುತ್ತಿಗೆ ನಿಂತಿರುವುದಿಲ್ಲ. ಸುಮಾರು ಆರು ತಿಂಗಳವರೆಗೆ ಸಪಾಟಾಗಿ ಮಲಗಿಸಲು ಬರುವ ಗಾಡಿಯೇ ಬೇಕು, ಕೂಡಿಸುವುದು ಸಲ್ಲದು. ಗಾಲಿಗೆ ಗಟ್ಟಿಯಾದ ಬ್ರೇಕು, ಕೂಸಿಗೆ ಹೆಗಲಿನಿಂದ ತೊಡೆಯ ನಡುವಿನವರೆಗೆ ಕಟ್ಟುವ ಪಟ್ಟಿ ಇರಬೇಕು. ಹಿಡಿಕೆಗೆ ಕಾಯಿಪಲ್ಲೆಯ ಚೀಲ ತೂಗುಹಾಕಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ. ಬಿಸಿಲೆಂದು ಮೇಲೆ ಪೂರ್ತಿ ಬಟ್ಟೆ ಮುಚ್ಚಿದರೆ ಒಳಗೆ ಕಾವು ಏರಿ ಕೂಸು ಬೆಂದುಹೋಗುತ್ತದೆ. ಇಷ್ಟು ಗುಣಗಳು ಕಡಿಮೆ ಬೆಲೆಯದರಲ್ಲಿಯೂ ಸಿಗುತ್ತವೆ, ನೋಡಿ ಕೊಳ್ಳಬೇಕೆಂದು ಅವರು ಹೇಳಿದರು.

ಒಂದು ಲೆಕ್ಕವನ್ನೂ ಹಾಕಿದೆವು. ಲೆಕ್ಕ ನಮ್ಮ ಶಾಸ್ತ್ರವಲ್ಲ, ತಪ್ಪಿದ್ದರೆ ಮಾಸ್ತರರು ತಿದ್ದಲಿ. ಎರಡು ವರ್ಷ ದಿನವೂ ಬಳಸಿದರೆ 46,000ದ ಗಾಡಿಗೆ ದಿನಕ್ಕೆ 63 ರೂಪಾಯಿ ಬೀಳುತ್ತದೆ. ತಿಂಗಳಿಗೆ ಮೂರು ಸಲ ಮಾತ್ರ ಹೊರಗೆ ತೆಗೆದರೆ ಎರಡು ವರ್ಷಕ್ಕೆ 72 ಸಲ. ಸಲಕ್ಕೆ ಹೆಚ್ಚುಕಡಿಮೆ 640. ಆದ್ದರಿಂದ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡಬಾರದು, ನಮ್ಮ ಮನೆಯ ಮುಂದಿನ ಹಾದಿಯಲ್ಲಿ ನೋಡಬೇಕು. ನಮ್ಮೂರಿನ ಈ ಕಲ್ಲುಹಾದಿಗೆ ಅದನ್ನು ತಂದರೆ ಜಾತ್ರೆಯ ತೇರಿನಂತೆ ವರ್ಷಕ್ಕೊಮ್ಮೆ ಎಳೆಯಬೇಕಾದೀತು.

ಆಯ್ದಕ್ಕಿ ಲಕ್ಕಮ್ಮನ ಕಥೆ ತಮಗೆ ತಿಳಿದದ್ದೇ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಒಂದು ದಿನ ಹೆಚ್ಚಾಗಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳುಹಿಸಿದವಳು. ಅವಳು ಅಕ್ಕಿಯೇ ಬೇಡವೆನ್ನಲಿಲ್ಲ, ಗಮನಿಸಿರಿ. ಅಂದಂದಿನದು ಅವಳಿಗೆ ಬೇಕಾಗಿತ್ತು.

ಆ ಮಗಳನ್ನು ಕೊನೆಗೆ ಒಂದು ಮಾತು ಕೇಳಿದೆವು: "ನಿನ್ನ ನೆಗೆಣ್ಣಿಯ ಗಾಡಿ ಈಗ ಎಲ್ಲಿದೆ?"

"ಬಾಲ್ಕನಿಯೊಳಗ ಐತ್ರಿ. ಆ ಹುಡುಗಗ ನಾಲ್ಕು ವರ್ಷ ಆತ್ರಿ. ಈಗ ಅದರ ಮ್ಯಾಲೆ ಬಟ್ಟಿ ಒಣಾ ಹಾಕ್ತಾರ್ರಿ."

"ಅದನ್ನೇ ಕೇಳಬಾರದೇ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಳೇದು ಕೇಳಿದ್ರ ನಮ್ಮ ಅಪ್ಪಗ ಕಮ್ಮಿ ಆಗತೈತ್ರಿ ಅಜ್ಜಾರ."

ಇದಕ್ಕೆ ನಮ್ಮಲ್ಲಿ ಕೂಡಲೇ ಉತ್ತರವಿರಲಿಲ್ಲ. ಶಾಸ್ತ್ರದಲ್ಲಿ ಹುಡುಕಿದರೆ ಸಿಗುವ ಉತ್ತರವಲ್ಲ. ಎರಡು ದಿನ ವಿಚಾರಿಸಿ ಆ ಬೀಗರಿಗೆ ನಾವೇ ಒಂದು ಪತ್ರ ಬರೆದೆವು. ತಪ್ಪು ನಮ್ಮದು, ಜಾತ್ರೆಯಲ್ಲಿ ಆಡಿದ ಮಾತು ನಮ್ಮದು, ಎಂದು ಮೊದಲು ಬರೆದೆವು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಚುಚ್ಚುತ್ತದೆಂದು ಹಳೆಯ ಸೀರೆಯಲ್ಲಿ ಸುತ್ತುವವರು ನಾವು; ಮನೆಯ ಒಂದು ಮಗು ಬೆಳೆದ ಗಾಡಿಯಲ್ಲಿ ಇನ್ನೊಂದು ಮಗು ಮಲಗಿದರೆ ಯಾರಿಗೆ ಕೊರತೆ, ಎಂದು ಆಮೇಲೆ ಬರೆದೆವು. ಬೀಗರು ಸಜ್ಜನರು. ಪತ್ರ ಮುಟ್ಟಿದ ದಿನವೇ ಫೋನು ಮಾಡಿದರು. ಮನೆಯ ಹೆಣ್ಣುಮಕ್ಕಳು ಮಾತಿಗೆ ಆಡಿದ್ದು ಅಷ್ಟು ದೂರ ಹೋದದ್ದು ತಮಗೆ ಗೊತ್ತೇ ಇರಲಿಲ್ಲವೆಂದರು. ಗಾಡಿಯನ್ನು ತೊಳೆಸಿ, ಬ್ರೇಕನ್ನು ಸೈಕಲ್ ಅಂಗಡಿಯಲ್ಲಿ ರಿಪೇರಿ ಮಾಡಿಸಿ, ಹರಿದ ಪಟ್ಟಿಯನ್ನು ಹೊಸದು ಹಾಕಿಸುತ್ತಾರಂತೆ. ಅತ್ತೆಯವರ ಮನಸ್ಸಿನಲ್ಲಿ ಏನಿದೆಯೋ ನಾವು ಹೇಳಲಾರೆವು.

ಅಂದು ನಾವು ಆಡಿದ ಮಾತನ್ನು ಇದೇ ಧ್ವನಿವರ್ಧಕದ ಮುಂದೆ ಇಂದು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ಈ ವರ್ಷದ ಜಾತ್ರೆಯಿಂದ, ತೊಟ್ಟಿಲ ಕಾರ್ಯದಲ್ಲಿ ಯಾರು ಏನು ತಂದರೆಂದು ವೇದಿಕೆಯಿಂದ ಓದಕೂಡದೆಂದು ಕಮಿಟಿಯವರಿಗೆ ತಿಳಿಸಿದ್ದೇವೆ. ವಿಭೂತಿ ಹಚ್ಚಿ, ಲಿಂಗಧಾರಣೆ ಮಾಡಿ, ಹೆಸರನ್ನು ಮಾತ್ರ ಕೂಗುವುದು. ತಂದವರಿಗೆ ಬೇಸರವಾದರೆ ನಮ್ಮಲ್ಲಿಗೆ ಬಂದು ಜಗಳವಾಡಲಿ.

ನಾಲ್ಕು ದಿನದ ಮೇಲೆ ಆ ತಂದೆ ಬಂದರು. ಎಲ್ಲವನ್ನೂ ಹೇಳಿದೆವು. ಕೇಳಿ ಅವರ ಮುಖ ಅರಳಲಿಲ್ಲ. "ಹಂಗಾರ ಬರಿಗೈಲೆ ಹೋಗೂದೇನ್ರಿ ಅಜ್ಜಾರ?" ಎಂದರು.

"ಮನೆಯಲ್ಲಿ ಕೂಸಿಗೆಂದು ಏನೂ ಮಾಡಿಲ್ಲವೇ?" ಎಂದು ಕೇಳಿದೆವು.

"ಏನೂ ಇಲ್ರಿ. ಮನಿಯಾಕಿ ಬೆಂಗಳೂರಿಗೆ ಹೋಗೂತನಕ ಒಂದು ಕೌದಿ ಹೊಲಿತಿದ್ಲು ಅಷ್ಟ. ಮಗಳಿಗೆ ಐದರಾಗ ಇದ್ದಾಗಿನಿಂದ ಹಿಡಿದಾಳ. ಇನ್ನೂ ಮುಗಿದಿಲ್ಲ."

ಅದನ್ನು ತರಿಸಿ ನೋಡಿದೆವು. ಆ ತಾಯಿಯ ಹಳೆಯ ಇಳಕಲ್ ಸೀರೆಯ ತುಂಡುಗಳು, ಅವರ ಧೋತರದ ಒಳಪದರ, ಸಾಲುಸಾಲಾಗಿ ಕೈಹೊಲಿಗೆ. ಒಂದು ಮೂಲೆಯಲ್ಲಿ ಗೇಣುದ್ದ ಅಂಚು ಉಳಿದಿದೆ. ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಅಜ್ಜಿಯೊಬ್ಬರು ಅದನ್ನು ಮುಗಿಸಿಕೊಡಲು ಒಯ್ದಿದ್ದಾರೆ. ಬುಧವಾರ ರಾತ್ರಿಯ ಬಸ್ಸಿಗೆ ಅವರು ಹೊರಡುತ್ತಾರೆ. ಆ ಅಜ್ಜಿಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡಲು ಬರುವವರು ಯಾರಾದರೂ ಇದ್ದರೆ, ಪ್ರಸಾದವಾದ ಮೇಲೆ ಅವರ ಹತ್ತಿರ ಕುಳಿತುಕೊಳ್ಳಿರಿ.