ಒದ್ದೆ ಪಂಚೆಯ ಹೊತ್ತು

ಬರೆಯಲು ಕೂತವರಿಗೆಲ್ಲ ಒಂದಲ್ಲ ಒಂದು ದಿನ ಕೈ ಕಟ್ಟುತ್ತದೆ. ಪೆನ್ನಿದೆ, ಹಾಳೆಯಿದೆ, ಹೇಳಬೇಕಾದದ್ದೂ ಗಂಟಲ ಹತ್ತಿರವೇ ಎಲ್ಲೋ ಇದೆ. ಸಾಲು ಮಾತ್ರ ಇಳಿಯುವುದಿಲ್ಲ. ಆಗ ಎದ್ದು ಕಾಫಿ ಮಾಡಿಕೊಳ್ಳುತ್ತೇವೆ, ಮೇಜು ಒರೆಸುತ್ತೇವೆ, ಫೋನು ಕೈಗೆತ್ತಿಕೊಳ್ಳುತ್ತೇವೆ. ಈ ಐದು ನಿಮಿಷದ ಮಾತಿಗೇ ನಾನು ಮೂರು ಬೆಳಗು ಹೀಗೆ ಕಳೆದೆ. ಮೂರನೆಯ ಬೆಳಗು ಸ್ನಾನ ಮಾಡಿ ಒದ್ದೆ ಟವೆಲ್ಲನ್ನು ಕುರ್ಚಿಯ ಬೆನ್ನಿಗೆ ಹಾಕುವಾಗ ಗದುಗಿನ ನಾರಣಪ್ಪ ನೆನಪಾದ.

ಕಥೆ ನೀವು ಬಲ್ಲದ್ದೇ. ಕೋಳಿವಾಡದ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಕೋನೇರಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ವೀರನಾರಾಯಣನ ಗುಡಿಗೆ ಬಂದು, ಒಂದು ಕಂಬಕ್ಕೆ ಒರಗಿ ಭಾರತ ಹೇಳುತ್ತಿದ್ದನಂತೆ. ಪಂಚೆ ಆರುವ ತನಕ ಪದ್ಯ. ಆರಿತೋ, ಅಂದಿನ ಕೆಲಸ ಮುಗಿಯಿತು. ಗದುಗಿಗೆ ಹೋದವರಿಗೆ ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಇದು ಐತಿಹ್ಯ, ಶಾಸನದಲ್ಲಿ ಕೆತ್ತಿಟ್ಟ ಸಂಗತಿಯಲ್ಲ. ಆದರೆ ಇದನ್ನು ಕಟ್ಟಿದವರು ಯಾರೇ ಇರಲಿ, ಬರವಣಿಗೆಯ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಕಂಡದ್ದು ಭಕ್ತಿ, ಮಡಿ, ದೇವರ ಕೃಪೆ. ಈಗ ಕಾಣುವುದು ಗಡಿಯಾರ. ಅದೂ ತನ್ನ ಕೈಯಲ್ಲಿಲ್ಲದ ಗಡಿಯಾರ. ಗದಗ ಗಾಳಿಯ ಸೀಮೆ. ಈಗ ಆ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಬೇಸಿಗೆಯ ಬಿಸಿಲಿಗೆ ಹತ್ತಿಬಟ್ಟೆ ಎಷ್ಟು ಹೊತ್ತು ಒದ್ದೆ ಇದ್ದೀತು? ಜಡಿಮಳೆಯ ದಿನ ಎಷ್ಟು ಹೊತ್ತು ಇದ್ದೀತು? ಇವತ್ತು ಇಷ್ಟು ಎಂದು ಗೊತ್ತುಮಾಡುವುದು ಬಿಸಿಲು ಮತ್ತು ಗಾಳಿ, ಕವಿಯಲ್ಲ. ಅವನ ಪಾಲಿಗೆ ಉಳಿದದ್ದು ಮೀಯುವುದು, ಬಂದು ನಿಲ್ಲುವುದು. ಸ್ಫೂರ್ತಿ ಬಂತೆಂದು ನೀರಿಗಿಳಿದವನಲ್ಲ ಅವನು.

ಲೆಕ್ಕ ಹಾಕಿ ನೋಡಿ. ಗದುಗಿನ ಭಾರತದಲ್ಲಿ ಎಂಟು ಸಾವಿರಕ್ಕೂ ಮಿಕ್ಕಿ ಭಾಮಿನೀ ಷಟ್ಪದಿಗಳಿವೆ. ಒಂದೊಂದು ಪದ್ಯಕ್ಕೆ ಆರು ಸಾಲು, 102 ಮಾತ್ರೆ. ದಿನಕ್ಕೆ ಹತ್ತು ಪದ್ಯ ಎಂದು ಹಿಡಿದರೂ ಎರಡು ವರ್ಷ ದಾಟುತ್ತದೆ. ಅಷ್ಟು ಬೆಳಗುಗಳಲ್ಲಿ ನೆಗಡಿಯಾದ ಬೆಳಗು ಇರಲಿಲ್ಲವೆ? ಮನೆಯಲ್ಲಿ ಜಗಳವಾದ ಬೆಳಗು? ಮನಸ್ಸು ಬರಡಾಗಿದ್ದ ಬೆಳಗು? ಇದ್ದೇ ಇರುತ್ತವೆ. ಅಂಥ ದಿನಗಳಲ್ಲೂ ನೀರು ತಣ್ಣಗೇ ಇತ್ತು, ಕಂಬ ಅಲ್ಲೇ ಇತ್ತು.

ಇನ್ನೊಂದು ಮಾತು ನನ್ನನ್ನು ಬಹಳ ದಿನ ಕಾಡಿತ್ತು. ಕಾವ್ಯದ ಮೊದಲಲ್ಲೇ ಕುಮಾರವ್ಯಾಸ ಎರಡು ಸಂಗತಿ ಹೇಳಿಕೊಳ್ಳುತ್ತಾನೆ. ನಿಜವಾದ ಕವಿ ವೀರನಾರಾಯಣ, ತಾನು ಬರೆದುಕೊಳ್ಳುವವನು ಅಷ್ಟೇ ಎನ್ನುತ್ತಾನೆ. ಹಾಗೆಂದವನೇ, ತಾನು ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಒಂದು ಕಡೆ ಇಷ್ಟು ವಿನಯ, ಇನ್ನೊಂದು ಕಡೆ ಇಷ್ಟು ಜಂಬ. ಎರಡೂ ಒಂದೇ ಬಾಯಲ್ಲಿ ಹೇಗೆ?

ನನಗೆ ಹೊಳೆದದ್ದು ಹೀಗೆ. ಒಡೆಯ ಹೇಳುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ. ಒಡೆಯನ ಮಾತನ್ನು ಹೊಡೆದುಹಾಕುವ ಅಧಿಕಾರ ಗುಮಾಸ್ತನಿಗೆ ಎಲ್ಲಿದೆ? ಆ ಜಂಬ ವಿನಯದ ಹೊಟ್ಟೆಯಲ್ಲೇ ಹುಟ್ಟಿದ್ದು. ನಮಗೆ ಕೈ ಕಟ್ಟುವುದು ಬರೆಯಲು ಏನೂ ಇಲ್ಲದ್ದರಿಂದಲ್ಲ. ಒಂದು ಸಾಲು ಬರೆದು, ಛೆ, ಇದು ನನ್ನ ಹೆಸರಿಗೆ ತಕ್ಕದ್ದಲ್ಲ ಎಂದು ಅಳಿಸುವುದರಿಂದ. ಹೆಸರನ್ನೇ ಗುಡಿಯೊಳಗಿನವನಿಗೆ ಒಪ್ಪಿಸಿಬಿಟ್ಟವನಿಗೆ ಆ ಭಯವೇ ಇಲ್ಲ. ನಮ್ಮ ದಾಸರ, ಶರಣರ ಅಂಕಿತಗಳನ್ನು ನೋಡಿ: ಪುರಂದರವಿಠಲ, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ. ಹಾಡಿನ ಕೊನೆಗೆ, ವಚನದ ಕೊನೆಗೆ ರುಜು ಬೀಳುವುದು ದೇವರದ್ದು. ದೇವರನ್ನು ನಂಬದವರಿಗೂ ಈ ಏರ್ಪಾಡು ಪ್ರಯೋಜನಕ್ಕೆ ಬಂದೀತು ಎಂದೇ ನನ್ನ ಎಣಿಕೆ. ರುಜು ಹಾಕುವ ಹೊರೆಯನ್ನು ಬೇರೆ ಯಾರ ಹೆಗಲಿಗಾದರೂ ದಾಟಿಸಿದರೆ ಸಾಕು.

ಕುಮಾರವ್ಯಾಸ ಹದಿನೆಂಟು ಪರ್ವ ಮುಗಿಸಲಿಲ್ಲ. ಹತ್ತಕ್ಕೆ ನಿಲ್ಲಿಸಿದ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹೇಳಿ ಪೂರೈಸಿದ. ಹತ್ತಕ್ಕೇ ಏಕೆ ನಿಂತಿತು ಎಂಬುದಕ್ಕೆ ಪಂಡಿತರಲ್ಲಿ ಬೇರೆ ಬೇರೆ ಕಾರಣಗಳಿರಬಹುದು. ನನಗಂತೂ ಪಂಚೆ ಆರಿತು ಎಂದೇ ತೋರುತ್ತದೆ.

ಆ ಮೂರನೆಯ ಬೆಳಗು ನಾನೂ ಹಾಗೇ ಮಾಡಿದೆ. ಟವೆಲ್ಲು ಆರುವವರೆಗೆ ಬರೆಯುವುದು, ಬರೆದದ್ದನ್ನು ಹೊಡೆಯದಿರುವುದು. ಫ್ಯಾನು ಹಾಕಿದರೆ ಮೋಸವಾದೀತೆಂದು ಅದನ್ನೂ ಆರಿಸಿದೆ. ಮೊದಲ ಕಾಲು ಗಂಟೆ ಬರೆದದ್ದೆಲ್ಲ ಜೊಳ್ಳು. ಮನೆಯ ಸಾಮಾನು ಪಟ್ಟಿಯೂ ಅದರಲ್ಲಿ ಸೇರಿತ್ತು. ನಡುನಡುವೆ ಕೈ ಚಾಚಿ ಮುಟ್ಟಿ ನೋಡುತ್ತಿದ್ದೆ. ಟವೆಲ್ಲಿನ ಅಂಚು ಬೇಗ ಆರುತ್ತದೆ. ಕುರ್ಚಿಯ ಮೇಲೆ ಮಡಿಕೆ ಬಿದ್ದ ಕಡೆ ತೇವ ಹಾಗೇ ಉಳಿದಿರುತ್ತದೆ. ಆ ತೇವದ ಹೊತ್ತಿನಲ್ಲಿ ಬಂದದ್ದು ನೀವು ಈಗ ಕೇಳಿದ ಗುಮಾಸ್ತನ ಮಾತು.

ಮುಟ್ಟಿದೆ. ಆರಿತ್ತು. ವಾಕ್ಯ ಅರ್ಧಕ್ಕೇ ಇತ್ತು, ಎದ್ದುಬಿಟ್ಟೆ.