ಮಾಡಿನ ಮೇಲಿನ ಹಿಮ ಕರಗಬಾರದು

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



"ಆರು ತಿಂಗಳು ಅಮೆರಿಕದಲ್ಲಿದ್ದು ಬಂದಿದ್ದೀರಿ, ಅನುಭವ ಹೇಳಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದರು. ನಯಾಗರಾ ನೋಡಿದ ಕಥೆ ಹೇಳಬಹುದು ಎಂದು ಅವರು ಅಂದುಕೊಂಡಿರಬೇಕು. ನಾನು ನಯಾಗರಾ ನೋಡಲಿಲ್ಲ. ನಾನು ನೋಡಿದ್ದು ಮಗಳ ಮನೆಯ ಗೋಡೆಯ ಮೇಲೆ ಇಳಿದ ನೀರು. ಇವತ್ತು ಅದರ ಬಗ್ಗೆಯೇ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ಮಿನ್ನೆಸೋಟಾ, ಷಿಕಾಗೊ, ಬಾಸ್ಟನ್, ಟೊರಾಂಟೊ ಕಡೆ ಮನೆ ಕೊಂಡಿದ್ದಾರೆ. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ನಾವು ಚಳಿಗಾಲದಲ್ಲೂ ಹೋಗುತ್ತೇವೆ. ನನಗೆ ಆಗ ಗೊತ್ತಿಲ್ಲದ್ದು ನಿಮಗೆ ಮೊದಲೇ ಗೊತ್ತಿರಲಿ ಎಂಬುದಷ್ಟೇ ನನ್ನ ಆಸೆ.

ಮಗಳಿರುವುದು ಮಿನ್ನಿಯಾಪೊಲಿಸ್ ಹತ್ತಿರ. ಡಿಸೆಂಬರ್‌ನಲ್ಲಿ ಹೆರಿಗೆಯಾಯಿತು. ಜನವರಿಯ ಹೊತ್ತಿಗೆ ಮಾಡಿನ ಮೇಲೆ ಒಂದು ಅಡಿ ಹಿಮ ಕೂತಿತ್ತು. ಸೂರಿನ ಅಂಚಿನಿಂದ ಗಾಜಿನ ಕೋಲುಗಳ ಹಾಗೆ ಮಂಜುಗಡ್ಡೆ ಇಳಿಬಿದ್ದಿತ್ತು, ಕೆಲವು ನನ್ನಷ್ಟು ಉದ್ದ. ನಮ್ಮ ಮನೆಯವರು ಫೋಟೊ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಕಳಿಸಿದರು. ನಿಮ್ಮಲ್ಲಿ ಹಲವರು "ಸೂಪರ್" ಎಂದು ಹಾಕಿದ್ದು ನೆನಪಿದೆ. ಅದು ಮನೆಯ ಕಾಯಿಲೆಯ ಗುರುತು ಎಂದು ಆಗ ನಮಗಾರಿಗೂ ಗೊತ್ತಿರಲಿಲ್ಲ.

ಒಂದು ರಾತ್ರಿ ಮಗುವಿಗೆ ಹಾಲು ಕುಡಿಸಲು ಎದ್ದ ಮಗಳು "ಅಮ್ಮಾ, ಇಲ್ಲಿ ಬಾ" ಎಂದು ಕೂಗಿದಳು. ತೊಟ್ಟಿಲಿನ ಹಿಂದಿನ ಗೋಡೆ ಒದ್ದೆ. ಚಾವಣಿಯಲ್ಲಿ ಚಹಾ ಬಣ್ಣದ ಕಲೆ. ಕಿಟಕಿಯ ಚೌಕಟ್ಟಿನಿಂದ ತೊಟ್ಟಿಕ್ಕುತ್ತಿರುವ ನೀರು. ಹೊರಗೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ. ಎಲ್ಲವೂ ಕಲ್ಲಾಗಿರುವಾಗ ನೀರು ಎಲ್ಲಿಂದ ಬಂತು? ಮುಂಬಯಿಯಲ್ಲಿ ಮೂವತ್ತು ಮಳೆಗಾಲ ಕಳೆದವಳು ನಾನು. ಸೋರಿತು ಎಂದರೆ ಮೇಲೆ ಬಿರುಕು ಬಿಟ್ಟಿದೆ, ವಾಟರ್‌ಪ್ರೂಫಿಂಗ್ ಮಾಡಿಸಬೇಕು, ಅಷ್ಟೇ ನನ್ನ ತಿಳಿವಳಿಕೆ. ಅದನ್ನೇ ಹೇಳಿದೆ.

ಬೆಳಿಗ್ಗೆ ಅಳಿಯ ಏಣಿ ಹಾಕಿ, ಸುತ್ತಿಗೆ ಹಿಡಿದು ಅಂಚಿನ ಗಡ್ಡೆ ಒಡೆಯಲು ಹತ್ತಿದರು. ಕೆಳಗೆ ನೆಲವೂ ಗಡ್ಡೆಯೇ. ಏಣಿ ಜಾರಿತು. ದೇವರ ದಯೆ, ಮುಂಗೈ ಮುರಿದದ್ದರಲ್ಲಿ ಮುಗಿಯಿತು. ಒಳಗೆ ಐದು ವಾರದ ಮಗು, ಹಸಿ ಬಾಣಂತಿ. ಹೊರಗಿನಿಂದ ಪ್ಲಾಸ್ಟರ್ ಕೈಯಲ್ಲಿ ಬಂದ ಅಪ್ಪ. ಆಮೇಲೆ ಮಾಡಿನ ಕೆಲಸದ ಒಂದು ಕಂಪನಿಯವರು ಬಂದು ನೋಡಿ, ಇಡೀ ಹೊದಿಕೆ ಬದಲಿಸಬೇಕು ಎಂದು ದೊಡ್ಡ ಮೊತ್ತ ಹೇಳಿಹೋದರು. ಮಗಳು ಮಾತಾಡದೆ ಕೂತಳು. ಹೆರಿಗೆಯ ರಜೆ, ಮನೆ ಸಾಲ, ಆಸ್ಪತ್ರೆ ಬಿಲ್ಲು ಎಲ್ಲ ಅವಳ ಮುಖದಲ್ಲಿತ್ತು.

ದಾರಿ ತೋರಿಸಿದವರು ಎದುರುಮನೆಯ ಅಜ್ಜ. ಮನೆ ಕಟ್ಟುವ ಕೆಲಸದಲ್ಲಿ ಜೀವನ ಕಳೆದವರು. ಅವರು ನಮ್ಮನ್ನು ರಸ್ತೆಗೆ ಕರೆದು ಎರಡೂ ಮಾಡುಗಳನ್ನು ನೋಡಿ ಎಂದರು. ಅವರ ಮಾಡಿನ ಮೇಲೆ ಹಿಮ ಹಾಸಿಗೆಯ ಹಾಗೆ ಸಮನಾಗಿ ಬಿಳಿಯಾಗಿತ್ತು. ನಮ್ಮದರ ಮೇಲ್ಭಾಗ ಅಲ್ಲಲ್ಲಿ ಬೋಳಾಗಿ ಕಪ್ಪಗೆ ಕಾಣುತ್ತಿತ್ತು, ಕೆಳ ಅಂಚಿನಲ್ಲಿ ಮಾತ್ರ ದಪ್ಪ ಗಡ್ಡೆ. "ನಿಮ್ಮ ಮನೆಯ ಬಿಸಿ ಮಾಡಿನಿಂದ ಹೊರಗೆ ಹೋಗುತ್ತಿದೆ, ಹೊದಿಕೆ ಬದಲಿಸಿದರೆ ಹೊಸ ಹೊದಿಕೆಯ ಮೇಲೂ ಇದೇ ಆಗುತ್ತದೆ" ಎಂದರು.

ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಅಲ್ಲಿನ ಮನೆಗಳಲ್ಲಿ ಕೋಣೆಯ ಚಾವಣಿಗೂ ಇಳಿಜಾರು ಮಾಡಿಗೂ ನಡುವೆ ಅಟ್ಟ ಇರುತ್ತದೆ. ಕೋಣೆಯನ್ನು 20 ಡಿಗ್ರಿಗೆ ಬಿಸಿ ಮಾಡಿರುತ್ತಾರೆ. ಆ ಬಿಸಿಗಾಳಿ ದೀಪದ ತೂತು, ಪೈಪಿನ ಸಂದು, ಅಟ್ಟದ ಮುಚ್ಚಳದ ಅಂಚು, ಹೀಗೆ ಸಿಕ್ಕಲ್ಲೆಲ್ಲ ನುಗ್ಗಿ ಅಟ್ಟಕ್ಕೆ ಏರುತ್ತದೆ. ಮಾಡಿನ ಹಲಗೆ ಬೆಚ್ಚಗಾಗುತ್ತದೆ. ಹಿಮ ಸ್ವತಃ ಒಂದು ಕಂಬಳಿ. ದಪ್ಪಗೆ ಬಿದ್ದಿದ್ದರೆ ಹೊರಗಿನ ಚಳಿಯನ್ನು ಹಲಗೆಗೆ ತಾಗಗೊಡುವುದಿಲ್ಲ. ಹಾಗಾಗಿ ಹಿಮ ಅಡಿಯಿಂದ ಕರಗುತ್ತದೆ. ಕರಗಿದ ನೀರು ಕೆಳಗೆ ಹರಿದು ಸೂರಿಗೆ ಬರುತ್ತದೆ. ಸೂರು ಗೋಡೆಯಿಂದ ಹೊರಗೆ ಚಾಚಿದೆ, ಅದರ ಕೆಳಗೆ ಬಿಸಿ ಕೋಣೆಯಿಲ್ಲ. ಅಲ್ಲಿ ನೀರು ಮತ್ತೆ ಗಡ್ಡೆಯಾಗುತ್ತದೆ. ದಿನದಿನವೂ ಹೀಗೆ ಬೆಳೆದು ಅಂಚಿನಲ್ಲಿ ಒಂದು ಕಟ್ಟೆಯೇ ಏಳುತ್ತದೆ. ಇದಕ್ಕೆ ಐಸ್ ಡ್ಯಾಮ್ ಎನ್ನುತ್ತಾರೆ.

ಕಟ್ಟೆಯ ಹಿಂದೆ ನೀರು ನಿಲ್ಲುತ್ತದೆ. ಅಲ್ಲಿನ ಮಾಡಿಗೆ ಡಾಂಬರಿನ ಶಿಂಗಲ್‌ಗಳನ್ನು ನಮ್ಮ ಮಂಗಳೂರು ಹೆಂಚಿನ ಹಾಗೆಯೇ ಒಂದರ ಮೇಲೊಂದು ಬರುವಂತೆ ಹೊದಿಸಿರುತ್ತಾರೆ. ಹರಿದುಹೋಗುವ ನೀರಿಗೆ ಅದು ಸಾಕು. ನಿಂತ ನೀರಿಗೆ ಸಾಲದು. ನೀರು ಮೇಲ್ಮುಖವಾಗಿ ಹೆಂಚಿನ ಅಡಿಗೆ ನುಗ್ಗಿ ಗೋಡೆಯೊಳಗೆ ಇಳಿಯುತ್ತದೆ. ತೊಟ್ಟಿಲಿನ ಹಿಂದೆ ಇಳಿದದ್ದು ಅದೇ. ನಾವು ಬಿರುಕು ಹುಡುಕುತ್ತಿದ್ದೆವು. ತಪ್ಪು ಇದ್ದದ್ದು ನಮ್ಮ ತಲೆಯ ಮೇಲಿನ ಅಟ್ಟದಲ್ಲಿ.

ಫೆಬ್ರವರಿಯಲ್ಲಿ ಮನೆಯ ಶಾಖ ಸೋರಿಕೆ ಪರೀಕ್ಷಿಸುವ ಹೆಣ್ಣುಮಗಳೊಬ್ಬಳು ಬಂದಳು. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಒಳಗಿನ ಗಾಳಿಯನ್ನು ಹೊರಗೆಳೆದಳು. ಇದಕ್ಕೆ ಬ್ಲೋವರ್ ಡೋರ್ ಪರೀಕ್ಷೆ ಎಂದು ಹೆಸರು. ಆಗ ಎಲ್ಲೆಲ್ಲಿ ಸಂದಿದೆಯೋ ಅಲ್ಲೆಲ್ಲ ತಣ್ಣನೆ ಗಾಳಿ ಒಳನುಗ್ಗುತ್ತದೆ. ಶಾಖ ತೋರಿಸುವ ಕ್ಯಾಮೆರಾದಲ್ಲಿ ಅದು ಕಾಣುತ್ತದೆ. ಆಮೇಲೆ ಟಾರ್ಚ್ ಹಿಡಿದು ಅಟ್ಟ ಹತ್ತಿದಳು. ಕೆಳಗಿಳಿದು, "ಮೇಲೆ ಸೂಟ್‌ಕೇಸ್‌ಗಳನ್ನು ಇಟ್ಟವರು ಯಾರು?" ಎಂದು ಕೇಳಿದಳು.

ಇಟ್ಟವರು ನಾವೇ. ನಾಲ್ಕು ಖಾಲಿ ಸೂಟ್‌ಕೇಸ್. ನಮಗೆ ಅಟ್ಟ ಎಂದರೆ ಸಾಮಾನು ಇಡುವ ಜಾಗ ತಾನೆ? ಅಲ್ಲಿ ಹಾಸಿದ್ದ ಗಾಜಿನ ನಾರಿನ ಹೊದಿಕೆಯನ್ನು ಅವು ಒತ್ತಿ ಚಪ್ಪಟೆ ಮಾಡಿದ್ದವು. ಒತ್ತಿದರೆ ಅದರೊಳಗಿನ ಗಾಳಿ ಹೋಗುತ್ತದೆ, ಚಳಿ ತಡೆಯುವ ಶಕ್ತಿ ಕುಗ್ಗುತ್ತದೆ. ಸಾಲದ್ದಕ್ಕೆ ಅಟ್ಟದ ಮುಚ್ಚಳ ಸರಿಯಾಗಿ ಕೂರದೆ ಎರಡು ತಿಂಗಳಿನಿಂದ ಬಿಸಿಗಾಳಿ ಸುಮ್ಮನೆ ಮೇಲೇರುತ್ತಿತ್ತು. ನನಗೆ ಚಳಿ ಎಂದು ಹೀಟರ್ ಏರಿಸಿದವಳೂ ನಾನೇ. ಎಲ್ಲವೂ ನಮ್ಮಿಂದಲೇ ಆದದ್ದಲ್ಲ ಎಂದು ಆಕೆ ಸಮಾಧಾನ ಹೇಳಿದಳು. ಅಲ್ಲಿದ್ದ ಹೊದಿಕೆ ಬರೀ 6 ಅಂಗುಲ. ಹಿಂದಿನ ಮಾಲೀಕರು ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಹೊರಗೆ ಬಿಡದೆ ಅಟ್ಟದಲ್ಲೇ ಬಿಟ್ಟಿದ್ದರು. ಆದರೂ ಅಂದು ಊಟ ನನಗೆ ಸೇರಲಿಲ್ಲ.

ಪರಿಹಾರದಲ್ಲಿ ಒಂದು ಕ್ರಮವಿದೆ, ಅದನ್ನು ದಯವಿಟ್ಟು ನೆನಪಿಡಿ.

ಮೊದಲನೆಯದು, ಗಾಳಿ ಸೋರುವ ಸಂದುಗಳನ್ನು ಮುಚ್ಚುವುದು. ವೈರು, ಪೈಪು ಹಾದುಹೋಗುವ ತೂತುಗಳಿಗೆ ಫೋಮ್, ಅಟ್ಟದ ಮುಚ್ಚಳಕ್ಕೆ ರಬ್ಬರ್ ಪಟ್ಟಿ. ಚಿಮಣಿಯ ಸುತ್ತ ಮಾತ್ರ ಫೋಮ್ ಹಾಕುವಂತಿಲ್ಲ. ಲೋಹದ ತಗಡು, ಬೆಂಕಿ ತಡೆಯುವ ಅಂಟು ಬೇಕು. ಬಚ್ಚಲಿನ ಫ್ಯಾನಿನ ಗಾಳಿ ಮನೆಯಿಂದ ಹೊರಗೇ ಹೋಗಬೇಕು.

ಎರಡನೆಯದು, ಹೊದಿಕೆ. ಶಾಖಕ್ಕೆ ಎಷ್ಟು ತಡೆ ಎಂಬುದನ್ನು ಆರ್-ಮೌಲ್ಯದಲ್ಲಿ ಅಳೆಯುತ್ತಾರೆ. 6 ಅಂಗುಲದ ಹಳೆಯ ಹೊದಿಕೆ ಹೆಚ್ಚೆಂದರೆ ಆರ್-19. ಅಂಥ ಚಳಿ ಸೀಮೆಗೆ ಬೇಕಾದದ್ದು ಆರ್-49ರಿಂದ ಆರ್-60. ಮಗಳ ಮನೆಯಲ್ಲಿ ಸೆಲ್ಯುಲೋಸ್ ಊದಿದರು. ಅದೇನು ಗೊತ್ತೇ? ಹಳೆಯ ದಿನಪತ್ರಿಕೆಯ ನುಣ್ಣನೆ ಚೂರು, ಬೆಂಕಿ ಹತ್ತದಂತೆ ಬೋರೇಟ್ ಬೆರೆಸಿದ್ದು. ನಾವು ರದ್ದಿಯವನಿಗೆ ಹಾಕುವ ಕಾಗದ ಅಲ್ಲಿ ಮನೆಯನ್ನು ಬೆಚ್ಚಗಿಡುತ್ತದೆ. ಸಂದು ಮುಚ್ಚದೆ ಇದನ್ನು ಮಾತ್ರ ಸುರಿದರೆ ಗಾಳಿ ಅದರ ನಡುವಿನಿಂದಲೇ ನುಸುಳುತ್ತದೆ.

ಮೂರನೆಯದು, ಅಟ್ಟದಲ್ಲಿ ಹೊರಗಿನ ಗಾಳಿ ಆಡುವುದು. ಸೂರಿನ ಅಡಿಯ ಕಿಂಡಿಯಿಂದ ತಣ್ಣನೆ ಗಾಳಿ ಬಂದು ಮಾಡಿನ ನೆತ್ತಿಯಿಂದ ಹೋಗಬೇಕು. ಹೊದಿಕೆ ಸುರಿಯುವಾಗ ಆ ಕಿಂಡಿಗಳು ಮುಚ್ಚಿಹೋಗಬಾರದು. ಮನೆ ಬೆಚ್ಚಗೆ, ಅಟ್ಟ ತಣ್ಣಗೆ, ಇದೇ ಗುರಿ. ಕೆಲಸ ಮುಗಿದ ಮೇಲೆ ಗ್ಯಾಸಿನ ಹೀಟರಿನ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯೇ ಎಂದು ಪರೀಕ್ಷಿಸಲೇಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಬಿಗಿಯಾದ ಮನೆಯಲ್ಲಿ ಆ ಅನಿಲ ಜೀವ ತೆಗೆಯಬಲ್ಲದು.

ಚಳಿಗಾಲದ ನಡುವೆ ಸೋರಲು ಶುರುವಾದರೆ ಏನು ಮಾಡುವುದು? ನೆಲದ ಮೇಲೆ ನಿಂತು, ಉದ್ದ ಕೋಲಿನ ರೂಫ್ ರೇಕ್‌ನಿಂದ ಅಂಚಿನ ಮೂರು ನಾಲ್ಕು ಅಡಿ ಹಿಮ ಎಳೆದುಹಾಕಬಹುದು, ಕರೆಂಟಿನ ತಂತಿ ದೂರವಿದ್ದರೆ. ಗಟ್ಟಿಯಾಗಿದ್ದರೆ ಬಿಸಿ ಹಬೆಯಿಂದ ಕರಗಿಸುವ ಕೆಲಸಗಾರರಿದ್ದಾರೆ. ನಾವೂ ಕೊನೆಗೆ ಅವರನ್ನೇ ಕರೆದೆವು. ಕೊಡಲಿ, ಸುತ್ತಿಗೆ ಬೇಡ, ಶಿಂಗಲ್ ಒಡೆಯುತ್ತದೆ. ಅಡುಗೆ ಉಪ್ಪು ಬೇಡ. ಲೋಹ ತುಕ್ಕು ಹಿಡಿಯುತ್ತದೆ, ಕೆಳಗಿನ ಗಿಡ ಸಾಯುತ್ತದೆ. ಮುಖ್ಯವಾಗಿ, ಮಗನಾಗಲಿ ಅಳಿಯನಾಗಲಿ ಏಣಿ ಹತ್ತದಂತೆ ನೋಡಿಕೊಳ್ಳಿ. ನೀವು ಅಡ್ಡ ನಿಂತರೆ ಅವರು ಕೇಳುತ್ತಾರೆ. ನಾನು ನಿಲ್ಲಲಿಲ್ಲ.

ನೀವು ಹೋದಾಗ ಮನೆಯವರನ್ನು ಮೂರು ಪ್ರಶ್ನೆ ಕೇಳಿ. ಅಟ್ಟದಲ್ಲಿ ಹೊದಿಕೆ ಎಷ್ಟು ಅಂಗುಲವಿದೆ? ಮುಚ್ಚಳ ಬಿಗಿಯಾಗಿದೆಯೇ? ಬಚ್ಚಲಿನ ಫ್ಯಾನ್ ಎಲ್ಲಿಗೆ ಬಿಡುತ್ತದೆ? ಹಿಮ ಬಿದ್ದ ಮೇಲೆ ರಸ್ತೆಗೆ ಬಂದು ಒಮ್ಮೆ ಮಾಡು ನೋಡಿ. ನಿಮ್ಮ ಸೂಟ್‌ಕೇಸ್‌ಗಳನ್ನು ಮಂಚದ ಅಡಿಗೆ ತಳ್ಳಿ.

ಹೊದಿಕೆಗೆ ಖರ್ಚಾಯಿತು, ಆದರೆ ಇಡೀ ಮಾಡು ಬದಲಿಸುವುದಕ್ಕೆ ಹೇಳಿದ ಮೊತ್ತಕ್ಕಿಂತ ಬಹಳ ಕಡಿಮೆ. ಹೀಟರಿನ ಬಿಲ್ಲೂ ಇಳಿಯಿತು. ಕಳೆದ ಜನವರಿಯಲ್ಲಿ ಮಗಳು ವಿಡಿಯೊ ಕಾಲ್ ಮಾಡಿ ಫೋನನ್ನು ಹೊರಗೆ ತಿರುಗಿಸಿದಳು. ಮಾಡಿನ ತುಂಬ ಹಿಮ, ಎದುರುಮನೆಯ ಅಜ್ಜನ ಮಾಡಿನ ಹಾಗೆಯೇ ಬಿಳಿ. ಅಂಚಿನಲ್ಲಿ ಬೆರಳುದ್ದದ ಒಂದೆರಡು ಕಡ್ಡಿ ಬಿಟ್ಟರೆ ಏನೂ ಇಲ್ಲ. "ಅಮ್ಮ, ನೋಡು, ಕರಗಿಲ್ಲ" ಎಂದಳು. ಹಿಂದೆ ಮೊಮ್ಮಗಳು ಅದೇ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು.

ಆ ಫೋಟೊವನ್ನೂ ಗುಂಪಿಗೆ ಕಳಿಸಿದ್ದೆ. ಬರೀ ಬಿಳಿ ಮಾಡು ನೋಡಿ ಯಾರೂ ಏನೂ ಹಾಕಲಿಲ್ಲ! ಇನ್ನು ಮೇಲೆ ಅಂಥ ಫೋಟೊ ಬಂದರೆ ದಯವಿಟ್ಟು "ಸೂಪರ್" ಎಂದು ಹಾಕಿ.